ಚಿಕ್ಕ ತಳಿಯ ನಾಯಿಮರಿ: ಉಚ್ಚೆ ಅರ್ಧ ಸಲ ಪ್ಯಾಡ್ ಮೇಲೆ, ಅರ್ಧ ಸಲ ಕಾರ್ಪೆಟ್ ಮೇಲೆ. ಸರಿಯಾದ ಜಾಗ ಕಲಿಸುವುದು ಹೇಗೆ?

ಪುಟ್ಟಹೆಜ್ಜೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ತಿಂಗಳ ಶಿ ತ್ಸು ಹೆಣ್ಣುಮರಿ ಇದೆ. ತೂಕ ಎರಡು ಕೆಜಿ ಆಸುಪಾಸು. ಬಾಲ್ಕನಿ ಬಾಗಿಲ ಹತ್ತಿರ ಉಚ್ಚೆ ಹೀರುವ ಪ್ಯಾಡ್ ಹಾಕಿದ್ದೇವೆ. ಅರ್ಧ ಸಲ ತಾನಾಗಿ ಅಲ್ಲಿಗೆ ಹೋಗುತ್ತಾಳೆ. ಉಳಿದ ಸಲ ಹಾಲ್‌ನ ಕಾರ್ಪೆಟ್ ಮೇಲೆ, ಇಲ್ಲವೇ ನಾವು ಜಾಸ್ತಿ ಬಳಸದ ಹಿಂದಿನ ಕೋಣೆಯಲ್ಲಿ ಉಚ್ಚೆ ಹೊಯ್ಯುತ್ತಾಳೆ. ಹೊರಗೆ ಕರೆದುಕೊಂಡು ಹೋದರೆ ಏನೂ ಮಾಡುವುದಿಲ್ಲ, ಒಳಗೆ ಬಂದ ಕೂಡಲೇ ಮಾಡುತ್ತಾಳೆ.

ದೊಡ್ಡ ತಳಿಯ ನಾಯಿ ಸಾಕಿದವರೆಲ್ಲ ‘ನಮ್ಮದು ಇಷ್ಟು ಹೊತ್ತಿಗೆ ಕಲಿತುಬಿಟ್ಟಿತ್ತು’ ಅನ್ನುತ್ತಾರೆ. ಚಿಕ್ಕ ತಳಿಗಳು ನಿಜವಾಗಿಯೂ ಕಲಿಯುವುದು ನಿಧಾನವೇ? ಪ್ಯಾಡ್ ಇಟ್ಟುಕೊಳ್ಳಬೇಕೋ, ತೆಗೆಯಬೇಕೋ? ಅನುಭವ ಇರುವವರು ದಯವಿಟ್ಟು ಹೇಳಿ.

ನಾಲ್ಕುಕಾಲು

ಪುಟ್ಟಹೆಜ್ಜೆಯವರೇ, ನೀವು ಬರೆದದ್ದರಲ್ಲಿ ‘ಹಿಂದಿನ ಕೋಣೆ’ ಅನ್ನುವುದು ತುಂಬಾ ಮುಖ್ಯ. ಅದರಿಂದಲೇ ಶುರು ಮಾಡುತ್ತೇನೆ.

ನಾಯಿಮರಿಗೆ ತಾನು ಮಲಗುವ ಜಾಗ ಕೊಳಕು ಮಾಡಬಾರದು ಅನ್ನುವ ಬುದ್ಧಿ ಹುಟ್ಟಿನಿಂದಲೇ ಬರುತ್ತದೆ. ಮೊದಲ ಮೂರು ವಾರ ತಾಯಿಯೇ ನೆಕ್ಕಿ ನೆಕ್ಕಿ ಉಚ್ಚೆ, ಕಕ್ಕ ಮಾಡಿಸಿ ಶುಚಿ ಮಾಡುತ್ತಾಳೆ. ಕಾಲು ಬಂದ ಮೇಲೆ ಮರಿಯೇ ಹಾಸಿಗೆ ಬಿಟ್ಟು ಸ್ವಲ್ಪ ದೂರ ಹೋಗುತ್ತದೆ. ಈ ‘ಸ್ವಲ್ಪ ದೂರ’ ಎಷ್ಟು ಅನ್ನುವುದೇ ಇಲ್ಲಿನ ವಿಷಯ. ಎರಡು ಕೆಜಿ ಮರಿಗೆ ನಿಮ್ಮ ಹಾಲ್ ಅಂದರೆ ಒಂದು ದೊಡ್ಡ ಮೈದಾನ. ತಾನು ಮಲಗುವುದು ಒಂದು ಕಡೆ, ಊಟ ಒಂದು ಕಡೆ. ಯಾರೂ ಓಡಾಡದ ಹಿಂದಿನ ಕೋಣೆ ಅದರ ಲೆಕ್ಕದಲ್ಲಿ ಮನೆಯೇ ಅಲ್ಲ, ಹೊರಗಿನ ಜಾಗ. ಅದು ಹಟ ಮಾಡುತ್ತಿಲ್ಲ. ತನ್ನ ಬುದ್ಧಿಗೆ ಸರಿ ಕಂಡದ್ದನ್ನೇ ಮಾಡುತ್ತಿದೆ.

ಹಾಗಾಗಿ ಮೊದಲ ಕೆಲಸ: ಮನೆಯನ್ನು ಅದರ ಅಳತೆಗೆ ಚಿಕ್ಕದು ಮಾಡಿ. ಹಿಂದಿನ ಕೋಣೆಯ ಬಾಗಿಲು ಇವತ್ತಿನಿಂದಲೇ ಮುಚ್ಚಿ. ಕಾರ್ಪೆಟ್ ಸುತ್ತಿ ಎತ್ತಿಡಿ, ಕೆಲವು ತಿಂಗಳು ನೆಲ ಬರಿದಾಗಿಯೇ ಇರಲಿ. ಮಡಚುವ ಬೇಲಿ ಸಿಗುತ್ತದೆ, ಅದರಿಂದ ಒಂದು ಚಿಕ್ಕ ಆವರಣ ಮಾಡಿ. ಒಂದು ತುದಿಯಲ್ಲಿ ಹಾಸಿಗೆ ಮತ್ತು ನೀರು, ಇನ್ನೊಂದು ತುದಿಯಲ್ಲಿ ಪ್ಯಾಡ್. ನಿಮ್ಮ ಕಣ್ಣು ಮರಿಯ ಮೇಲೆ ಇರುವಾಗ ಮಾತ್ರ ಅದು ಆವರಣದ ಹೊರಗೆ ಬರಲಿ. ಒಂದು ಜಾಗದಲ್ಲಿ ಕೆಲವು ವಾರ ತಪ್ಪಿಲ್ಲದೆ ಕಳೆದರೆ ಮುಂದಿನ ಕೋಣೆ ತೆರೆಯಿರಿ. ಹೊಸ ಕೋಣೆ ತೆರೆದಾಗ ಅಲ್ಲಿ ಮರಿ ಜೊತೆ ಕೂತು ಆಡಿ, ಅಲ್ಲೇ ಒಂದೊಂದು ಹೊತ್ತು ಊಟ ಹಾಕಿ, ಅದರ ಹಾಸಿಗೆ ಅಲ್ಲಿಗೇ ಒಯ್ದು ಮಲಗಿಸಿ. ಆಗ ಆ ಕೋಣೆಯೂ ‘ನಾವಿರುವ ಜಾಗ’ ಆಗುತ್ತದೆ.

ಚಿಕ್ಕ ತಳಿ ನಿಧಾನವೇ ಅಂದರೆ, ಬುದ್ಧಿ ನಿಧಾನ ಅಲ್ಲ. ಮೂತ್ರಕೋಶ ಚಿಕ್ಕದು, ಬೇಗ ತುಂಬುತ್ತದೆ. ಎಷ್ಟು ತಿಂಗಳ ಮರಿಯೋ ಹಗಲಲ್ಲಿ ಹೆಚ್ಚೆಂದರೆ ಅಷ್ಟು ಗಂಟೆ ತಡೆಯಬಹುದು ಅಂತ ಒಂದು ಸಾಮಾನ್ಯ ಲೆಕ್ಕ ಇದೆ. ಚಿಕ್ಕ ತಳಿಗೆ ಅದಕ್ಕಿಂತ ಕಡಿಮೆ ಹಿಡಿಯಿರಿ. ಎಚ್ಚರವಾಗಿ ಆಡುತ್ತಿರುವ ಮರಿಗೆ ಗಂಟೆಗೊಮ್ಮೆ, ಕೆಲವಕ್ಕೆ ಅರ್ಧ ಗಂಟೆಗೊಮ್ಮೆ ಬೇಕಾಗುತ್ತದೆ. ಇನ್ನೊಂದು ಕಾರಣ ನಮ್ಮದೇ. ದೊಡ್ಡ ನಾಯಿ ಹಾಲ್ ನಡುವೆ ಉಚ್ಚೆ ಹೊಯ್ದರೆ ಎಲ್ಲರೂ ಗಾಬರಿಯಾಗಿ ಅವತ್ತೇ ಕಲಿಸಲು ಶುರು ಮಾಡುತ್ತಾರೆ. ಚಿಕ್ಕ ಮರಿಯದು ಎರಡು ಚಮಚದಷ್ಟು. ಒರೆಸಿ ಸುಮ್ಮನಾಗುತ್ತಾರೆ, ಎಷ್ಟೋ ಸಲ ಸೋಫಾ ಹಿಂದೆ ಆದದ್ದು ಕಣ್ಣಿಗೇ ಬೀಳುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಸಾಗಿ ಅದೇ ರೂಢಿಯಾಗುತ್ತದೆ.

ದಾರಿಹೋಕ

ಮೇಲಿನವರು ಹೇಳಿದ ಆವರಣದ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಪ್ಯಾಡ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಪ್ಯಾಡ್ ಬೇಡವೇ ಬೇಡ.

ಮರಿಗೆ ಏಳೆಂಟು ವಾರ ಆಗುವ ಹೊತ್ತಿಗೆ ಕಾಲಿನ ಕೆಳಗೆ ಏನು ತಾಗಿದರೆ ಅಲ್ಲಿ ಉಚ್ಚೆ ಮಾಡಬೇಕು ಅನ್ನುವ ಅಭ್ಯಾಸ ಕೂರಲು ಶುರುವಾಗುತ್ತದೆ. ಹುಲ್ಲು ಅಂದರೆ ಹುಲ್ಲು, ಬಟ್ಟೆ ಅಂದರೆ ಬಟ್ಟೆ. ಪ್ಯಾಡ್ ಮೆತ್ತಗಿರುತ್ತದೆ, ಹೀರಿಕೊಳ್ಳುತ್ತದೆ. ಕಾರ್ಪೆಟ್ ಕೂಡ ಹಾಗೇ, ಕಾಲೊರಸು ಕೂಡ ಹಾಗೇ, ನೆಲದ ಮೇಲೆ ಬಿದ್ದ ಟವಲ್ ಕೂಡ ಹಾಗೇ. ಮರಿಗೆ ಇವುಗಳ ನಡುವೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನಿಮ್ಮ ಮರಿ ಕಾರ್ಪೆಟ್ ಮೇಲೆ ಹೋಗುವುದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ಒಳಗೆ ಮಾಡಬಹುದು ಅಂತ ಒಮ್ಮೆ ಕಲಿಸಿ, ಆಮೇಲೆ ಒಳಗೆ ಮಾಡಬೇಡ ಅಂತ ಕಲಿಸುವುದು ಎರಡು ಪಟ್ಟು ಕೆಲಸ. ನೇರವಾಗಿ ಹೊರಗೆ ಕಲಿಸಿ.

ಬೆಳ್ಳಿಚುಕ್ಕಿ

ದಾರಿಹೋಕ ಅವರೇ, ನೀವು ಹೇಳುವುದು ಅಂಗಳ ಇರುವವರಿಗೆ ಸರಿ. ಎತ್ತರದ ಮಹಡಿಯಲ್ಲಿ ಇರುವವರು ಲಿಫ್ಟ್ ಇಳಿಯುವಷ್ಟರಲ್ಲಿ ಮರಿ ಮುಗಿಸಿಬಿಟ್ಟಿರುತ್ತದೆ. ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಲಸಿಕೆ.

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರುವಾಗಿ 16 ವಾರ ಅಥವಾ ಅದಕ್ಕಿಂತ ಸ್ವಲ್ಪ ಮುಂದಿನವರೆಗೆ ಕಂತಿನಲ್ಲಿ ಕೊಡುತ್ತಾರೆ. ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತಾ ಹೋಗಿ, ಲಸಿಕೆಯ ರಕ್ಷಣೆ ಇನ್ನೂ ಪೂರ್ತಿ ಬಾರದ ಒಂದು ಅವಧಿ ನಡುವೆ ಇರುತ್ತದೆ. ಮರಿಗಳ ಜೀವಕ್ಕೇ ಅಪಾಯವಾಗುವ ವಾಂತಿ, ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಾಯಿಗಳ ಕಕ್ಕದಿಂದ ಹರಡುತ್ತದೆ. ಊರಿನ ನಾಯಿಗಳೆಲ್ಲ ಹೋಗುವ ಜಾಗಕ್ಕೆ ಲಸಿಕೆ ಮುಗಿಯದ ಮರಿಯನ್ನು ಉಚ್ಚೆ ಮಾಡಿಸಲು ಇಳಿಸುವುದು ಅಪಾಯ. ಹೊರಪ್ರಪಂಚ ತೋರಿಸಲು ಎತ್ತಿಕೊಂಡು ಹೋಗಿ, ಅದು ಬೇಕೇ ಬೇಕು. ನೆಲಕ್ಕೆ ಯಾವಾಗ, ಎಲ್ಲಿ ಬಿಡಬಹುದು ಅಂತ ನಿಮ್ಮ ವೆಟ್ (ಪಶುವೈದ್ಯರ) ಹತ್ತಿರ ಕೇಳಿ.

ಅಲ್ಲಿಯವರೆಗೆ ಒಳಗೆ ಒಂದು ಜಾಗ ಬೇಕಲ್ವಾ? ಕಾರ್ಪೆಟ್‌ಗೂ ಪ್ಯಾಡ್‌ಗೂ ಗೊಂದಲ ಆಗದ ಹಾಗೆ ಮಾಡುವುದು ಸುಲಭ. ಅಂಚು ಇರುವ ಟ್ರೇ ತನ್ನಿ, ಮೇಲೆ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. ಪ್ಯಾಡ್ ಅದರೊಳಗೆ ಇರಲಿ. ಅಥವಾ ಬಾಲ್ಕನಿಯಲ್ಲಿ ಹುಲ್ಲಿನ ತುಂಡು ಅಥವಾ ಕೃತಕ ಹುಲ್ಲಿನ ಟ್ರೇ ಇಡಿ. ಹುಲ್ಲು ಕಲಿತ ಮರಿ ಮುಂದೆ ಹೊರಗಿನ ಹುಲ್ಲಿಗೂ ಬೇಗ ಹೊಂದಿಕೊಳ್ಳುತ್ತದೆ. ಕೃತಕ ಹುಲ್ಲನ್ನು ದಿನಾ ತೊಳೆಯಬೇಕು, ಇಲ್ಲದಿದ್ದರೆ ವಾಸನೆ ಏರಿ ಮರಿಯೇ ಅದರ ಮೇಲೆ ಕಾಲಿಡುವುದಿಲ್ಲ.

ನನ್ನ ಎರಡು ಪೊಮೆರೇನಿಯನ್‌ಗಳೂ ದೊಡ್ಡವಾದ ಮೇಲೂ ಬಾಲ್ಕನಿ ಟ್ರೇ ಬಳಸುತ್ತವೆ, ಹೊರಗೂ ಹೋಗುತ್ತವೆ. ಜೋರು ಮಳೆ ಇದ್ದಾಗ, ನನಗೆ ಹುಷಾರಿಲ್ಲದಾಗ ಇದು ತುಂಬಾ ಅನುಕೂಲ. ಚಿಕ್ಕ ನಾಯಿಗೆ ಚಳಿ ಬೇಗ ಹಿಡಿಯುತ್ತದೆ, ಒದ್ದೆ ಹುಲ್ಲು ಹೊಟ್ಟೆಗೇ ತಾಗುತ್ತದೆ. ಅಂಥ ದಿನ ಅದು ಹೊರಗೆ ಹೋಗಲು ಒಪ್ಪದಿದ್ದರೆ ಅದರ ಮೇಲೆ ಸಿಟ್ಟು ಮಾಡುವುದು ನ್ಯಾಯ ಅಲ್ಲ.

ದಾರಿಹೋಕ

ಲಸಿಕೆಯ ಮಾತು ಒಪ್ಪುತ್ತೇನೆ. ಹುಲ್ಲಿನ ಟ್ರೇ ಆದರೆ ನನ್ನ ತಕರಾರು ಇಲ್ಲ. ಬಟ್ಟೆಯಂಥ ಪ್ಯಾಡನ್ನು ಬರಿ ನೆಲದ ಮೇಲೆ ಹಾಸುವುದು ಬೇಡ ಅಂತ ಮಾತ್ರ ಮತ್ತೆ ಹೇಳುತ್ತೇನೆ.

ಪುಟ್ಟಹೆಜ್ಜೆ

ಎಲ್ಲರಿಗೂ ಧನ್ಯವಾದ. ಕಾರ್ಪೆಟ್ ಎತ್ತಿಟ್ಟೆವು, ಹಿಂದಿನ ಕೋಣೆ ಮುಚ್ಚಿದೆವು. ಅಂಚಿನ ಟ್ರೇ ಬಂದಿದೆ.

ಇನ್ನು ಎರಡು ಪ್ರಶ್ನೆ. ಹೊರಗೆ ನಮ್ಮ ಸ್ವಂತ ಅಂಗಳದ ಒಂದು ತುಂಡು ಇದೆ, ಅಲ್ಲಿ ಬೇರೆ ನಾಯಿ ಬರುವುದಿಲ್ಲ. ವೆಟ್ ಕೂಡ ಅಲ್ಲಿ ಬಿಡಬಹುದು ಅಂದಿದ್ದಾರೆ. ಆದರೆ ಅವಳು ಅಲ್ಲಿ ಎಲೆ, ಇರುವೆ ನೋಡುತ್ತಾ ನಿಲ್ಲುತ್ತಾಳೆ. ಒಳಗೆ ಬಂದ ಕೂಡಲೇ ಮಾಡುತ್ತಾಳೆ. ಯಾಕೆ?

ಎರಡನೆಯದು, ಮನೆಗೆ ಯಾರಾದರೂ ಬಂದು ಬಗ್ಗಿ ಮುದ್ದು ಮಾಡಿದರೆ ಅಲ್ಲೇ ನಾಲ್ಕು ಹನಿ ಬಿಡುತ್ತಾಳೆ. ನಮ್ಮ ಮನೆಯ ಹಿರಿಯರು ‘ಮೂತಿ ಒತ್ತಿ ತೋರಿಸಿ, ಒಂದು ಏಟು ಕೊಟ್ಟರೆ ಸರಿಹೋಗುತ್ತದೆ’ ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ.

ನಾಲ್ಕುಕಾಲು

ನಿಮಗೆ ಮನಸ್ಸು ಬರದಿರುವುದೇ ಸರಿ. ಮೂತಿ ಒತ್ತುವುದು, ಹೊಡೆಯುವುದು, ಕೂಗುವುದು ಯಾವುದೂ ಬೇಡ. ಇದನ್ನು ಹಿರಿಯರಿಗೆ ಹೀಗೆ ಹೇಳಿ ನೋಡಿ: ಉಚ್ಚೆ ಮಾಡಿ ಐದು ನಿಮಿಷ ಆದ ಮೇಲೆ ಬೈದರೆ ಮರಿ ಆ ಬೈಗುಳವನ್ನು ಆ ಉಚ್ಚೆಗೆ ಜೋಡಿಸುವುದಿಲ್ಲ. ತಾನು ಆ ಕ್ಷಣ ಏನು ಮಾಡುತ್ತಿತ್ತೋ ಅದಕ್ಕೆ ಜೋಡಿಸುತ್ತದೆ. ಅಂದರೆ ನಿಮ್ಮ ಹತ್ತಿರ ಬಂದದ್ದಕ್ಕೆ. ಮಾಡುತ್ತಿರುವಾಗಲೇ ಬೈದರೆ ‘ಮನುಷ್ಯರ ಎದುರು ಉಚ್ಚೆ ಮಾಡಿದರೆ ಅಪಾಯ’ ಅಂತ ಕಲಿಯುತ್ತದೆ. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಅಡಗಿ ಮಾಡುತ್ತದೆ. ನೀವು ಹಗ್ಗ ಹಿಡಿದು ಹೊರಗೆ ನಿಂತರೆ ನಿಮ್ಮ ಎದುರು ಮಾಡುವುದೇ ಇಲ್ಲ. ತಲೆ ತಗ್ಗಿಸಿ ಕಿವಿ ಹಿಂದಕ್ಕೆ ಮಾಡುವುದನ್ನು ನೋಡಿ ಜನ ‘ತಪ್ಪು ಗೊತ್ತಾಗಿದೆ’ ಅನ್ನುತ್ತಾರೆ. ಅದು ನಿಮ್ಮ ಮುಖ, ದನಿ ನೋಡಿ ಹುಟ್ಟಿದ ಹೆದರಿಕೆ.

ಒಳಗೆ ಮಾಡುತ್ತಿರುವುದು ಕಣ್ಣಿಗೆ ಬಿದ್ದರೆ ಮೆಲ್ಲಗೆ ‘ಬಾ ಬಾ’ ಅನ್ನುತ್ತಾ ಎತ್ತಿಕೊಂಡು ಟ್ರೇಗೆ ಹೋಗಿ. ಉಳಿದದ್ದನ್ನು ಅಲ್ಲಿ ಮುಗಿಸಿದರೆ ಹೊಗಳಿ. ತಡವಾಗಿ ನೋಡಿದರೆ ಸುಮ್ನೆ ಒರೆಸಿ.

ಅತಿಥಿ ಬಂದಾಗ ಬಿಡುವ ಹನಿ ಬೇರೆಯದೇ ವಿಷಯ, ಅದನ್ನು ಜಾಗ ಕಲಿಸುವುದರ ಜೊತೆ ಸೇರಿಸಬೇಡಿ. ಖುಷಿ ಜಾಸ್ತಿಯಾಗಿ, ಅಥವಾ ‘ನಾನು ಚಿಕ್ಕವಳು, ನನಗೇನೂ ಮಾಡಬೇಡ’ ಅನ್ನುವ ಹಾಗೆ, ಮರಿಗಳು ತಮಗೆ ಗೊತ್ತಿಲ್ಲದೆ ಹನಿ ಬಿಡುತ್ತವೆ. ಇಷ್ಟು ಚಿಕ್ಕ ಮರಿಯ ಮೇಲೆ ಒಬ್ಬ ಮನುಷ್ಯ ಬಗ್ಗುವುದು ಅದಕ್ಕೆ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಬಂದವರು ಮೊದಲು ಅವಳ ಕಡೆ ನೋಡದೆ ಕೂರಲಿ. ಅವಳೇ ಬಂದು ಮೂಸಲಿ. ಆಮೇಲೆ ಪಕ್ಕದಿಂದ, ಎದೆಯ ಹತ್ತಿರ ಸವರಲಿ, ತಲೆಯ ಮೇಲಿಂದ ಕೈ ತರುವುದು ಬೇಡ. ಬೈದರೆ ಇದು ಜಾಸ್ತಿಯಾಗುತ್ತದೆ. ದೊಡ್ಡವಳಾಗಿ ಧೈರ್ಯ ಬಂದ ಹಾಗೆ ಹೆಚ್ಚಿನ ಮರಿಗಳಲ್ಲಿ ತಾನಾಗಿ ನಿಲ್ಲುತ್ತದೆ.

ಸಂಜೆಮಲ್ಲಿಗೆ

ಹೊರಗೆ ಮಾಡದೆ ಒಳಗೆ ಬಂದು ಮಾಡುವ ವಿಷಯ ನಾನು ಹೇಳುತ್ತೇನೆ. ನಾನು ಯಾರ್ಕಿ (ಯಾರ್ಕ್‌ಷೈರ್ ಟೆರಿಯರ್) ಮತ್ತು ಡ್ಯಾಷ್‌ಹಂಡ್ ಎರಡನ್ನೂ ಸಾಕಿದ್ದೇನೆ. ಎರಡೂ ಇದೇ ಪಾಠ ಕಲಿಸಿದವು.

ಅಂಗಳ ಮರಿಗೆ ಹೊಸದು, ವಾಸನೆ ತುಂಬಿದ ಜಾಗ. ಮೈ ಸಡಿಲ ಬಿಡುವುದಿಲ್ಲ. ಒಳಗೆ ಬಂದಾಗ ನಿರಾಳವಾಗುತ್ತದೆ, ಉಚ್ಚೆ ಬರುತ್ತದೆ. ಹಗ್ಗ ಕಟ್ಟಿ ಪ್ರತಿಸಲ ಒಂದೇ ಮೂಲೆಗೆ ಕರೆದುಕೊಂಡು ಹೋಗಿ. ಅಲ್ಲಿ ಮರದ ಹಾಗೆ ಸುಮ್ಮನೆ ನಿಲ್ಲಿ. ಮಾತು ಬೇಡ, ಆಟ ಬೇಡ. ಐದಾರು ನಿಮಿಷದಲ್ಲಿ ಆಗಲಿಲ್ಲವೋ, ಒಳಗೆ ಬನ್ನಿ. ಆದರೆ ನೆಲಕ್ಕೆ ಬಿಡಬೇಡಿ! ಎತ್ತಿಕೊಂಡೇ ಇರಿ ಅಥವಾ ಕ್ರೇಟಿನಲ್ಲಿ (ಮರಿ ಮಲಗುವ, ಬಾಗಿಲಿರುವ ಪೆಟ್ಟಿಗೆ) ಇಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಗೆ. ಮಾಡಿ ಮುಗಿಸಿದ ತಕ್ಷಣ ತಿನಿಸು ಕೊಡಿ, ಅದೂ ಅಲ್ಲೇ, ಒಂದೆರಡು ಕ್ಷಣದೊಳಗೆ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಅಂತ ತಿಳಿಯುತ್ತದೆ. ತಿನಿಸು ಯಾವಾಗಲೂ ಜೇಬಿನಲ್ಲೇ ಇರಲಿ.

ಮುಗಿಸಿದ ಮೇಲೆ ಕೂಡಲೇ ಒಳಗೆ ಎಳೆದುಕೊಂಡು ಬರಬೇಡಿ. ಬೇಗ ಮಾಡಿದರೆ ಸುತ್ತಾಟ ಮುಗಿಯಿತು ಅಂತ ಗೊತ್ತಾದರೆ ಮರಿ ಬೇಕಂತಲೇ ತಡಮಾಡುತ್ತದೆ. ಮಾಡಿದ ಮೇಲೆ ಇರುವೆ ನೋಡಲಿ, ಎಲೆ ಕಚ್ಚಲಿ. ಅದೇ ಅವಳಿಗೆ ಬಹುಮಾನ.

ಇನ್ನೊಂದು, ಚಿಕ್ಕ ಮರಿ ಅಂತ ನಾವು ಪ್ರತಿಸಲ ಎತ್ತಿಕೊಂಡೇ ಹೋಗುತ್ತೇವೆ. ತೀರಾ ಎಳೆಯ ಮರಿಗೆ, ತುರ್ತು ಇದ್ದಾಗ ಸರಿ. ಆದರೆ ಸ್ವಲ್ಪ ಬೆಳೆದ ಮೇಲೆ ಬಾಗಿಲವರೆಗೆ ಅವಳ ಕಾಲಲ್ಲೇ ನಡೆಸಿ. ದಾರಿ ಕಾಲಿಗೆ ಗೊತ್ತಾದರೆ ತಾನೇ ಮುಂದೆ ಬಾಗಿಲ ಹತ್ತಿರ ಬಂದು ನಿಲ್ಲುವುದು? ಚಿಕ್ಕ ನಾಯಿಗಳ ಸೂಚನೆಯೂ ಚಿಕ್ಕದೇ. ಬೊಗಳುವುದಿಲ್ಲ, ಬಾಗಿಲು ಪರಚುವುದಿಲ್ಲ, ಒಂದು ಕ್ಷಣ ನಿಂತು ನಿಮ್ಮ ಕಡೆ ನೋಡುತ್ತವೆ ಅಷ್ಟೇ. ಬಾಗಿಲಿಗೆ ಅವಳ ಮೂತಿಯ ಎತ್ತರಕ್ಕೆ ಒಂದು ಗಂಟೆ ಕಟ್ಟಿ, ಹೊರಗೆ ಹೋಗುವಾಗಲೆಲ್ಲ ಅದನ್ನು ಮುಟ್ಟಿಸಿ. ಕೆಲವು ಮರಿಗಳು ಬೇಗ ಹಿಡಿದುಕೊಳ್ಳುತ್ತವೆ.

ಹೊಸಬಾಗಿಲು

ನಮ್ಮದು ಎರಡೂವರೆ ತಿಂಗಳ ಚಿವಾವಾ. ಇದೇ ಸಮಸ್ಯೆ. ಸಂಜೆ ಐದರ ಮೇಲೆ ನೀರು, ಊಟ ಎರಡೂ ನಿಲ್ಲಿಸಿದರೆ ರಾತ್ರಿ ಒದ್ದೆ ಆಗುವುದಿಲ್ಲ ಅಂತ ಒಬ್ಬರು ಹೇಳಿದರು. ಮಾಡಬಹುದೇ?

ಬೆಳ್ಳಿಚುಕ್ಕಿ

ಹೊಸಬಾಗಿಲು ಅವರೇ, ದಯವಿಟ್ಟು ಹಾಗೆ ಮಾಡಬೇಡಿ. ಚಿವಾವಾ, ಯಾರ್ಕಿ, ಪೊಮೆರೇನಿಯನ್ ಮರಿಗಳಿಗೆ ಹಸಿವು ಬರೀ ಹಸಿವಲ್ಲ. ಮೈಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳಲು ಅವುಗಳ ಯಕೃತ್ತು ತೀರಾ ಚಿಕ್ಕದು, ಖರ್ಚು ಮಾತ್ರ ಜಾಸ್ತಿ. ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಮರಿ ಮಂಕಾಗುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ, ನಡುಗುತ್ತದೆ, ಕೊನೆಗೆ ಫಿಟ್ಸ್ ಕೂಡ ಬರಬಹುದು. ಜೀವಕ್ಕೇ ಅಪಾಯ. ಈ ವಯಸ್ಸಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಬೇಕು, ಕೊನೆಯದು ಮಲಗುವ ಹೊತ್ತಿಗೆ ಸರಿಯಾಗಿ ಅಲ್ಲದಿದ್ದರೂ ರಾತ್ರಿಯೇ ಇರಲಿ. ಅಂಥ ಲಕ್ಷಣ ಕಂಡರೆ ಸ್ವಲ್ಪ ಜೇನುತುಪ್ಪ ಅಥವಾ ಸಕ್ಕರೆ ಪಾಕ ಒಸಡಿಗೆ ಸವರಿ, ಕೂಡಲೇ ವೆಟ್ ಹತ್ತಿರ ಓಡಿ. ಎಚ್ಚರ ಇಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು. ಸಕ್ಕರೆರಹಿತ ಅಂತ ಬರೆದ ಯಾವುದನ್ನೂ ಬಳಸಬೇಡಿ, ಅದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ನಾಯಿಗೆ ವಿಷ.

ನೀರೂ ತಡೆಯಬೇಡಿ. ಹೊತ್ತು ಹೊತ್ತಿಗೆ ಊಟ ಇಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೆಗೆದರೆ ಕಕ್ಕದ ಹೊತ್ತೂ ಸರಿಯಾಗುತ್ತದೆ. ಹೊಟ್ಟೆಗೆ ಊಟ ಬಿದ್ದ ಕೂಡಲೇ ಕರುಳು ಚುರುಕಾಗುತ್ತದೆ. ಸಾಮಾನ್ಯವಾಗಿ ಐದರಿಂದ 30 ನಿಮಿಷದೊಳಗೆ ಮರಿ ಹೋಗುತ್ತದೆ. ಆ ಹೊತ್ತು ನೀವು ಹತ್ತಿರ ಇರಬೇಕು, ಅಷ್ಟೇ.

ರಾತ್ರಿಗೆ ಕ್ರೇಟನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಎದ್ದು ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ದೊಡ್ಡದಾದರೆ ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿ ಒದ್ದೆ ಮಾಡುತ್ತದೆ. ನಿದ್ದೆಯಲ್ಲಿ ಹಗಲಿಗಿಂತ ಹೆಚ್ಚು ಹೊತ್ತು ತಡೆಯುತ್ತವೆ, ಆದರೂ ಈ ವಯಸ್ಸಿನಲ್ಲಿ ನಡುರಾತ್ರಿ ಏಳಲೇಬೇಕು. ಮುಲುಗಿದರೆ ದೀಪ ಹೆಚ್ಚು ಹಾಕದೆ, ಮಾತಾಡದೆ ಟ್ರೇಗೆ ಕರೆದುಕೊಂಡು ಹೋಗಿ ವಾಪಸ್ ಮಲಗಿಸಿ.

ಹೊಸಬಾಗಿಲು

ಕೇಳಿದ್ದು ಒಳ್ಳೆಯದಾಯಿತು. ರಾತ್ರಿ ಊಟ ಕೊಡುತ್ತೇನೆ. ನಮ್ಮದು ಗೂಡಿನಂಥ ಪಂಜರದಲ್ಲಿ ಬೆಳೆದ ಮರಿ. ಕ್ರೇಟಿನಲ್ಲೇ ಮಾಡಿಕೊಂಡು ಅದರ ಮೇಲೇ ಮಲಗುತ್ತದೆ. ಇದಕ್ಕೆ?

ನಾಲ್ಕುಕಾಲು

ಪಾಪ, ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ಮಲಗುವ ಜಾಗ, ಉಚ್ಚೆಯ ಜಾಗ ಎರಡೂ ಒಂದೇ ಆಗಿ ಬೆಳೆದ ಮರಿಗೆ ಆ ಹುಟ್ಟುಬುದ್ಧಿ ಮಂದವಾಗಿರುತ್ತದೆ. ಅಂಥ ಮರಿಯನ್ನು ಕ್ರೇಟಿನಲ್ಲಿ ಹಾಕಿ ತಡೆಯುತ್ತದೆ ಅಂತ ಕಾಯುವುದು ಕೆಲಸ ಮಾಡುವುದಿಲ್ಲ. ಸದ್ಯಕ್ಕೆ ಕ್ರೇಟ್ ಬಾಗಿಲು ತೆಗೆದಿಟ್ಟು ಅದನ್ನು ಚಿಕ್ಕ ಆವರಣದ ಒಳಗೆ ಇಡಿ. ಹಾಸಿಗೆ ಬಿಟ್ಟು ಹೊರಗೆ ಬಂದು ಟ್ರೇಗೆ ಹೋಗಲು ಅವಕಾಶ ಇರಲಿ. ಹಾಸಿಗೆ ದಿನಾ ಒಗೆದು ಒಣಗಿಸಿದ್ದೇ ಇರಲಿ, ಒಣಗಿದ ಹಾಸಿಗೆಯ ಸುಖ ಅದಕ್ಕೆ ಗೊತ್ತಾಗಬೇಕು. ಸಮಯ ಹಿಡಿಯುತ್ತದೆ, ಆದರೆ ಆಗುತ್ತದೆ.

ಸಂಜೆಮಲ್ಲಿಗೆ

ಒರೆಸುವ ಬಗ್ಗೆ ಎರಡು ಮಾತು. ನಮಗೆ ವಾಸನೆ ಹೋದರೂ ಮರಿಗೆ ಹೋಗಿರುವುದಿಲ್ಲ. ಹಳೇ ವಾಸನೆ ಇದ್ದ ಜಾಗಕ್ಕೆ ಮತ್ತೆ ಹೋಗುತ್ತದೆ. ಮೊದಲು ಕಾಗದ ಅಥವಾ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎನ್‌ಜೈಮ್ ಇರುವ ಕ್ಲೀನರ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಎನ್‌ಜೈಮ್ ವಾಸನೆಯ ಮೂಲವನ್ನೇ ಒಡೆಯಲು ಸಮಯ ಬೇಕು. ಕೂಡಲೇ ಒರೆಸಿದರೆ ಏನೂ ಪ್ರಯೋಜನ ಇಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡ, ಉಚ್ಚೆಯ ವಾಸನೆಯಂತೇ ಇರುತ್ತದೆ. ಬ್ಲೀಚ್ ಅಂತೂ ಉಚ್ಚೆಯ ಮೇಲೆ, ಅಮೋನಿಯಾ ಜೊತೆ ಹಾಕಲೇಬಾರದು, ವಿಷಗಾಳಿ ಏಳುತ್ತದೆ. ನೇರಳೆ ಬೆಳಕಿನ ಯುವಿ ಟಾರ್ಚ್ ಒಂದು ತಂದು ದೀಪ ಆರಿಸಿ ನೋಡಿ. ಗೋಡೆಯ ಬುಡ, ಪರದೆಯ ಅಂಚು, ಸೋಫಾ ಕಾಲು, ನಿಮಗೆ ಗೊತ್ತೇ ಇರದ ಕಲೆಗಳು ಕಾಣುತ್ತವೆ.

ಪುಟ್ಟಹೆಜ್ಜೆ

ಟಾರ್ಚ್ ಹಾಕಿ ನೋಡಿದೆವು. ಊಟದ ಮೇಜಿನ ಕೆಳಗೆ ಎರಡು ಕಡೆ ಇತ್ತು, ಶುಚಿ ಮಾಡಿದ್ದೇವೆ. ಆವರಣದಲ್ಲಿ ಈಗ ಟ್ರೇ ತಪ್ಪುವುದು ಅಪರೂಪ. ಅಂಗಳದಲ್ಲೂ ಬೆಳಗಿನ ಹೊತ್ತು ಮಾಡಲು ಶುರು ಮಾಡಿದ್ದಾಳೆ. ಆದರೆ ನಿನ್ನೆಯಿಂದ ತುಂಬಾ ಸಲ ಕೂರುತ್ತಾಳೆ, ಪ್ರತಿಸಲ ಒಂದೆರಡು ಹನಿ ಮಾತ್ರ. ಉಚ್ಚೆ ಬರುವ ತನ್ನ ಮೈಯ ಜಾಗವನ್ನು ನೆಕ್ಕುತ್ತಲೂ ಇರುತ್ತಾಳೆ.

ಬೆಳ್ಳಿಚುಕ್ಕಿ

ಇದು ಕಲಿಕೆಯ ವಿಷಯ ಅಲ್ಲ. ಇವತ್ತೇ ವೆಟ್‌ಗೆ ತೋರಿಸಿ. ಮೂತ್ರದ ಸೋಂಕು ಇರಬಹುದು, ಹೆಣ್ಣುಮರಿಗಳಲ್ಲಿ ಇದು ಕಾಣುತ್ತದೆ. ಸಾಧ್ಯವಾದರೆ ಬೆಳಗಿನ ಮೊದಲ ಉಚ್ಚೆಯನ್ನು ಶುಚಿಯಾದ ಚಪ್ಪಟೆ ತಟ್ಟೆಯಲ್ಲಿ ಹಿಡಿದು ಒಯ್ಯಿರಿ. ರಕ್ತದ ಬಣ್ಣ ಕಂಡರೆ, ತಿಣುಕಿದರೂ ಏನೂ ಬಾರದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಎಷ್ಟು ಕಲಿಸಿದರೂ ನಿದ್ದೆಯಲ್ಲೂ, ನಡೆಯುವಾಗಲೂ ಸದಾ ತೊಟ್ಟಿಕ್ಕುವ ಹೆಣ್ಣುಮರಿ ಇದ್ದರೆ ಮೂತ್ರನಾಳವೇ ತಪ್ಪು ಜಾಗಕ್ಕೆ ಸೇರಿಕೊಂಡಿರುವ ಹುಟ್ಟು ದೋಷ ಇರಬಹುದು. ಪರೀಕ್ಷೆ ಮಾಡಿಸಿ.

ಪುಟ್ಟಹೆಜ್ಜೆ

ಸೋಂಕೇ ಆಗಿತ್ತು. ಔಷಧ ಶುರುವಾಗಿದೆ, ಈಗಾಗಲೇ ಆರಾಮಾಗಿದ್ದಾಳೆ. ಔಷಧವನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು ಅಂತ ವೆಟ್ ಒತ್ತಿ ಹೇಳಿದರು. ನಿಮ್ಮ ಮಾತಿನಿಂದ ತಡಮಾಡದೆ ಹೋದೆವು, ತುಂಬಾ ಧನ್ಯವಾದ.

ಅಂಗಳದಾಚೆ

ಈ ಚರ್ಚೆ ಪೂರ್ತಿ ಓದಿದೆ. ನಮ್ಮದು ಎಂಟು ತಿಂಗಳ ಗಂಡು ಪೊಮೆರೇನಿಯನ್. ನಾಲ್ಕು ತಿಂಗಳಿಗೇ ಜಾಗ ಕಲಿತಿದ್ದ. ಈಗ ಕಾಲೆತ್ತಿ ಬಾಗಿಲು, ಕುರ್ಚಿ, ಹೊಸದಾಗಿ ತಂದ ಚೀಲ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹೊಯ್ಯುತ್ತಾನೆ. ಕಲಿತದ್ದು ಮರೆತನೇ?

ನಾಲ್ಕುಕಾಲು

ಮರೆತಿಲ್ಲ. ಪ್ರಾಯಕ್ಕೆ ಬರುತ್ತಿದ್ದಾನೆ, ‘ಇದು ನನ್ನ ಜಾಗ’ ಅಂತ ಉಚ್ಚೆಯಿಂದ ಗುರುತು ಹಾಕುತ್ತಿದ್ದಾನೆ. ಮೂತ್ರಕೋಶ ಖಾಲಿ ಮಾಡುವಾಗ ನೆಲದ ಮೇಲೆ ದೊಡ್ಡ ಕಲೆ ಆಗುತ್ತದೆ. ಗುರುತು ಹಾಕುವಾಗ ನೆಟ್ಟಗೆ ನಿಂತ ವಸ್ತುಗಳಿಗೆ ಚೂರು ಚೂರು. ಹೊಸ ವಾಸನೆ ಬಂದರೆ, ಕಿಟಕಿಯಲ್ಲಿ ಬೇರೆ ನಾಯಿ ಕಂಡರೆ ಜಾಸ್ತಿ. ಚೀಲ, ಪಾದರಕ್ಷೆಗಳನ್ನು ಎತ್ತರದಲ್ಲಿಡಿ. ಬೀದಿ ಕಾಣುವ ಕಿಟಕಿಯ ಕೆಳಭಾಗ ಮುಚ್ಚಿ. ಹಳೇ ಗುರುತುಗಳನ್ನು ಎನ್‌ಜೈಮ್‌ನಿಂದ ತೊಳೆದು, ಕೆಲವು ವಾರ ಅವನನ್ನು ನಿಮ್ಮ ಸೊಂಟಕ್ಕೆ ಕಟ್ಟಿದ ಹಗ್ಗದಲ್ಲೇ ಮನೆಯಲ್ಲಿ ಓಡಾಡಿಸಿ. ಮೂಸುತ್ತಾ ಪಕ್ಕಕ್ಕೆ ವಾಲಿದ ಕೂಡಲೇ ಕರೆದು ಹೊರಗೆ ಒಯ್ಯಿರಿ.

ಸಂತಾನಹರಣ ಚಿಕಿತ್ಸೆಯಿಂದ ಹಲವು ನಾಯಿಗಳಲ್ಲಿ ಇದು ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಪೂರ್ತಿ ನಿಲ್ಲುವುದಿಲ್ಲ. ಯಾವ ವಯಸ್ಸಿಗೆ ಅನ್ನುವುದನ್ನು ನಿಮ್ಮ ವೆಟ್ ಜೊತೆ ಕೂತು ನಿರ್ಧರಿಸಿ. ಉಚ್ಚೆ ಹೀರಲು ಹೊಟ್ಟೆಗೆ ಸುತ್ತುವ ಪಟ್ಟಿಯೂ ಸಿಗುತ್ತದೆ. ಅತಿಥಿಗಳು ಬಂದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಒದ್ದೆ ಪಟ್ಟಿ ಹಾಗೇ ಬಿಟ್ಟರೆ ಚರ್ಮ ಸುಡುತ್ತದೆ, ಆಗಾಗ ಬಿಚ್ಚಿ ನೋಡುತ್ತಿರಿ.

ಅಂಗಳದಾಚೆ

ಕಿಟಕಿಯ ವಿಷಯ ಹೊಳೆದೇ ಇರಲಿಲ್ಲ. ಅವನು ಗುರುತು ಹಾಕುವ ಎರಡು ಕುರ್ಚಿಯೂ ಆ ಕಿಟಕಿಯ ಪಕ್ಕದಲ್ಲೇ ಇವೆ. ಇವತ್ತೇ ಕೆಳಗಿನ ಗಾಜಿಗೆ ಕಾಗದ ಅಂಟಿಸಿ, ಕುರ್ಚಿಗಳನ್ನು ತೊಳೆದು ಬೇರೆ ಕಡೆ ಇಡುತ್ತೇನೆ. ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.